ನೆಂಟರು, ಅತಿಥಿಗಳು, ಬೆಳೆಗಾರರು: ಫೇಸ್‌ಬುಕ್‌ನಲ್ಲಿ ಬೇರೆ ಬೇರೆ ಪಟ್ಟಿ ಮಾಡೋದು ಹೇಗೆ?

ಹೋಂಸ್ಟೇ ಶುರುಮಾಡಿದ ಮೇಲೆ ಎಲ್ಲರೂ ಒಂದೇ ಕಡೆ ಸೇರಿಹೋಗಿದ್ದಾರೆ, ಯಾರನ್ನು ಎಲ್ಲಿ ಹಾಕೋದು ಅಂತ ಕೇಳಿದ್ದೀರಿ. ನಾನೂ ಮಡಿಕೇರಿ ಹತ್ತಿರ ತೋಟ, ಹೋಂಸ್ಟೇ ಎರಡೂ ನೋಡಿಕೊಳ್ಳುವವನು.

ಅವರು ನಿಮಗೆ ಏನಾಗಬೇಕು ಅಂತ ನೋಡಿ ವಿಂಗಡಿಸಬೇಡಿ, ಯಾವ ಸುದ್ದಿ ಯಾರಿಗೆ ಬೇಕು ಅಂತ ನೋಡಿ. ನಮ್ಮ ಕೊಡಗಿನಲ್ಲಿ ನೆಂಟರೇ ಪಕ್ಕದ ತೋಟದವರು, ಅವರೇ ಕರಿಮೆಣಸು ಕೊಳ್ಳುವವರು. ಒಬ್ಬರನ್ನೇ ಮೂರು ಪಟ್ಟಿಗೂ ಸೇರಿಸಬಹುದು, ಸೇರಿಸಿದ್ದು ಅವರಿಗೆ ತಿಳಿಯೋದಿಲ್ಲ. ಫೋನಿಗಿಂತ ಕಂಪ್ಯೂಟರಿನಲ್ಲಿ ಸುಲಭ: ಫ್ರೆಂಡ್ಸ್ ಪುಟದಲ್ಲಿ ‘ಕಸ್ಟಮ್ ಲಿಸ್ಟ್ಸ್’ ಇರುತ್ತದೆ.

ನನ್ನ ಪಟ್ಟಿಗಳ ಹೆಸರು ಮಳೆ, ಮನೆ, ಅತಿಥಿ. ಬೇಸಿಗೆಯಲ್ಲಿ ಹೂಮಳೆ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ) ಎಷ್ಟು ಇಂಚು ಬಿತ್ತು, ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ ಅನ್ನೋದು ಬೆಳೆಗಾರರಿಗೆ ವರ್ಷದ ಫಸಲಿನ ಪ್ರಶ್ನೆ. ಬೆಂಗಳೂರಿನ ಅತಿಥಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಮಕ್ಕಳ ಫೋಟೊ ‘ಮನೆ’ಗೆ ಮಾತ್ರ. ಅನ್‌ಫ್ರೆಂಡ್ ಮಾಡಿದರೆ ಮನಸ್ತಾಪ ಆಗುತ್ತೆ ಅನ್ನಿಸುವವರನ್ನು ಫೇಸ್‌ಬುಕ್‌ನಲ್ಲೇ ಇರುವ ‘ರಿಸ್ಟ್ರಿಕ್ಟೆಡ್’ ಪಟ್ಟಿಗೆ ಹಾಕಿ. ಸ್ನೇಹಿತರಾಗಿಯೇ ಇರ್ತಾರೆ, ಆದರೆ ನೀವು ಪಬ್ಲಿಕ್ ಆಗಿ ಹಾಕಿದ್ದು ಮತ್ತು ಅವರನ್ನು ಟ್ಯಾಗ್ ಮಾಡಿದ್ದು ಮಾತ್ರ ಕಾಣುತ್ತದೆ.

ಆನೆ ಸುದ್ದಿಯನ್ನು ಮಾತ್ರ ಫೇಸ್‌ಬುಕ್‌ಗೆ ಬಿಡಲೇಬೇಡಿ. ಬೆಳಿಗ್ಗೆ ಹಾಕಿದ್ದು ಕೆಲವರಿಗೆ ಸಂಜೆ ಕಾಣುತ್ತದೆ, ಆದರೆ ತೋಟಕ್ಕೆ ಆನೆ ಇಳಿದಿದೆ ಅನ್ನೋದು ಕೆಲಸದವರು ಲೈನ್‌ಮನೆಯಿಂದ (ಅವರು ಇರುವ ಸಾಲುಮನೆಗಳಿಂದ) ಹೊರಡುವ ಮೊದಲೇ ತಲುಪಬೇಕು. ಅದಕ್ಕೆ ವಾಟ್ಸಾಪ್ ಗ್ರೂಪೇ ಸರಿ. ಆನೆ ರಸ್ತೆ ದಾಟಿದ್ದನ್ನು ಕಂಡವರು ಅಲ್ಲೇ ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟ್ ಇಲ್ಲಿ ಅಪಾಯ, ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಆ ಮೆಸೇಜ್ ಹೋಗೋದೇ ಇಲ್ಲ.

ಅತಿಥಿಗಳಿಗೆ ಅದೇ ಬ್ರಾಡ್‌ಕಾಸ್ಟ್ ಒಳ್ಳೆಯದು. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣೋದಿಲ್ಲ, ಉತ್ತರ ನಿಮಗೊಬ್ಬರಿಗೇ ಬರುತ್ತದೆ, ಒಂದು ಪಟ್ಟಿಯಲ್ಲಿ 256 ಜನರನ್ನು ಹಾಕಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಪ್ರತಿ ಮಳೆಗಾಲವೂ ‘ರಸ್ತೆ ಇದೆಯಾ, ಬರಬಹುದಾ’ ಅನ್ನೋ ಫೋನು ತಪ್ಪಿದ್ದಲ್ಲ. ಈಗ ಮಡಿಕೇರಿ–ಸುಳ್ಯ ರಸ್ತೆಯ ಸಂಪಾಜೆ ಘಾಟಿಯ ಪರಿಸ್ಥಿತಿ ಬರೆದು ಒಂದೇ ಸಲ ಕಳಿಸಿಬಿಡುತ್ತೇನೆ.

ಟ್ಯಾಗ್ ಮಾಡುವಾಗ ಜೋಪಾನ. ಹುತ್ತರಿ ಹಬ್ಬದ ಫೋಟೊ ‘ಮನೆ’ಗೆ ಮಾತ್ರ ಅಂತ ಹಾಕಿದರೂ, ಪಟ್ಟಿಯಲ್ಲಿ ಇಲ್ಲದ ಒಬ್ಬರನ್ನು ಟ್ಯಾಗ್ ಮಾಡಿದರೆ ಅವರಿಗೂ ಕಾಣುತ್ತದೆ. ಪೋಸ್ಟ್ ಒತ್ತುವ ಮೊದಲು ನಿಮ್ಮ ಹೆಸರಿನ ಕೆಳಗೆ ಯಾವ ಪಟ್ಟಿ ತೋರಿಸುತ್ತಿದೆ ಅಂತ ಒಮ್ಮೆ ನೋಡಿ.