ಛಾಯಾಗ್ರಾಹಕರ ಮನೆಗೊಂದು ಫಲಕ

ಪ್ರಶ್ನೆ: ಮುಂಬಯಿಯ ಬೀದಿಬದುಕನ್ನು ದಶಕಗಳ ಕಾಲ ಕ್ಯಾಮೆರಾದಲ್ಲಿ ಹಿಡಿದ ಕನ್ನಡಿಗ ಛಾಯಾಗ್ರಾಹಕರೊಬ್ಬರು ಬಾಳಿದ ಮಾಟುಂಗಾದ ಹಳೇ ಕಟ್ಟಡಕ್ಕೆ ಸ್ಮಾರಕ ಫಲಕ ಹಾಕಿಸಬೇಕು. ಹಿತ್ತಾಳೆ ಆದೀತೆ? ಯಾರ ಒಪ್ಪಿಗೆ ಬೇಕು?

ಉತ್ತರ: ಖಂಡಿತ ಆಗಬೇಕಾದ ಕೆಲಸ. ಕುಟುಂಬದವರು ಮತ್ತು ಹೌಸಿಂಗ್ ಸೊಸೈಟಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಾಡಿಗೆ ಕಟ್ಟಡವಾದರೆ ಮಾಲೀಕರದು. ಪಾರಂಪರಿಕ ಪಟ್ಟಿಯಲ್ಲಿದ್ದರೆ ಮಹಾನಗರಪಾಲಿಕೆಯನ್ನು ಕೇಳದೆ ಗೋಡೆ ಕೊರೆಯಬೇಡಿ.

ಹಿತ್ತಾಳೆ ಬೇಡ. ಕಡಲಗಾಳಿಗೆ ಬೇಗ ಕಪ್ಪಾಗುತ್ತದೆ, ಉಜ್ಜಿ ಉಜ್ಜಿ ಅಕ್ಷರದ ಬಣ್ಣವೂ ಹೋಗುತ್ತದೆ. 20 ಮಿ.ಮೀ. ದಪ್ಪದ ಕಪ್ಪು ಗ್ರಾನೈಟ್‌ನಲ್ಲಿ ಕೆತ್ತಿಸಿ. 18×12 ಇಂಚಿನ ಕಲ್ಲು ಸುಮಾರು ಏಳೂವರೆ ಕಿಲೋ ತೂಗುತ್ತದೆ. ಬರೀ ಅಂಟು ನಂಬಬೇಡಿ. ನಾಲ್ಕು ಮೂಲೆಗೆ 316 ದರ್ಜೆಯ (ಕಡಲಗಾಳಿಗೂ ಸುಲಭವಾಗಿ ತುಕ್ಕು ಹಿಡಿಯದ) ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಸಿ. ಮಾಮೂಲಿ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಉಬ್ಬಿ, ಎರಡು ಮಳೆಗಾಲದೊಳಗೆ ಗಾರೆಯನ್ನೇ ಸೀಳಬಹುದು. ಹಳೇ ಸುಣ್ಣಗಾರೆ ಪೊಳ್ಳಾಗಿರಬಹುದು, ತಟ್ಟಿ ನೋಡಿ. ರಂಧ್ರ ಗಾರೆ ದಾಟಿ ಇಟ್ಟಿಗೆಗೆ ಇಳಿಯಲೇಬೇಕು. ಧೂಳು ಊದಿ ತೆಗೆದ ಮೇಲೆಯೇ ಕೆಮಿಕಲ್ ಆ್ಯಂಕರ್ (ರಂಧ್ರದಲ್ಲಿ ಗಟ್ಟಿಯಾಗಿ ಬೋಲ್ಟನ್ನು ಹಿಡಿದಿಡುವ ರಾಳ) ತುಂಬಿಸಿ. ಕಲ್ಲಿನ ಹಿಂದೆ 5 ಮಿ.ಮೀ. ಸಂದು ಬಿಟ್ಟರೆ ನೀರು ನಿಲ್ಲದು.

ಹತ್ತು ಅಡಿಯಿಂದ ಓದಲು ಹೆಸರಿನ ಅಕ್ಷರ ಒಂದು ಇಂಚಾದರೂ ಇರಲಿ. ಕನ್ನಡದ ಜೊತೆ ಮರಾಠಿಯೂ ಬೇಕು; ಅವರು ಚಿತ್ರ ತೆಗೆದದ್ದು ಆ ಊರಿನವರದ್ದಲ್ಲವೇ! ವಾಸದ ಇಸವಿಗಳನ್ನು ನೆನಪಿನಿಂದ ಬರೆಸಬೇಡಿ. ರೇಷನ್ ಕಾರ್ಡು, ಹಳೇ ಕರೆಂಟ್ ಬಿಲ್ಲು, ಅವರ ಪ್ರಿಂಟುಗಳ ಬೆನ್ನಮೇಲಿನ ವಿಳಾಸದ ಮುದ್ರೆ, ಇವನ್ನು ತಾಳೆ ನೋಡಿದ ಮೇಲೆಯೇ ಕೆತ್ತಲು ಕೊಡಿ.