ಫ್ಯಾಂಟಸಿ ಗೇಮ್‌ಗಳಲ್ಲಿ ಎಷ್ಟು ಏಟು ಬಿದ್ದರೂ ಕವಚ ಹೊಸದರಂತೆ ಕಾಣುವುದು ಯಾಕೆ?

ಮುಖ್ಯ ಕಾರಣ ಕೆಲಸದ ಹೊರೆ. ದೊಡ್ಡ ಗೇಮ್‌ನಲ್ಲಿ ನೂರಾರು ಕವಚಗಳಿರುತ್ತವೆ. ಎದೆಕವಚ ಸೀಳಿದಂತೆ ಕಾಣಬೇಕಾದರೆ ಅದರ ತ್ರೀಡಿ ಮಾದರಿಯನ್ನೇ ಬೇರೆಯಾಗಿ ಮಾಡಬೇಕು, ಒಳಗಿನ ಬಟ್ಟೆಯನ್ನೂ ರೂಪಿಸಬೇಕು. ಪ್ರತಿಯೊಂದಕ್ಕೂ ಹೀಗೆ ಮಾಡೋದು ಸುಮ್ನೆ ಮಾತಲ್ಲ.

ಗೀರು, ಕೊಳೆ, ರಕ್ತ ತೋರಿಸುವುದು ಇದಕ್ಕಿಂತ ಸುಲಭ. ಮೂಲ ಟೆಕ್ಸ್ಚರ್, ಅಂದರೆ ಮಾದರಿಗೆ ಹೊದಿಸುವ ಚಿತ್ರದ ಮೇಲೆ ಇನ್ನೊಂದು ಪದರ ಇಡುತ್ತಾರೆ. ಅದು ಎಲ್ಲಿ ಎಷ್ಟು ಕಾಣಬೇಕು ಅನ್ನೋದನ್ನು ಕಪ್ಪು-ಬಿಳುಪಿನ ಮಾಸ್ಕ್ ಹೇಳುತ್ತದೆ. ಏಟು ಬಿದ್ದಂತೆ ಶೇಡರ್‌ಗೆ (ಮೇಲ್ಮೈ ಹೇಗೆ ಕಾಣಬೇಕೆಂದು ಲೆಕ್ಕಹಾಕುವ ಪುಟ್ಟ ಪ್ರೋಗ್ರಾಂ) ಕೊಡುವ ಒಂದು ಸಂಖ್ಯೆ ಏರಿದರೆ ಸಾಕು: ಮೊದಲು ಅಂಚಿನ ಬಣ್ಣ ಹೋಗಿ ಲೋಹ ಹೊಳೆಯುತ್ತದೆ, ಆಮೇಲೆ ಗೀರು ಹರಡುತ್ತದೆ. ನಾರ್ಮಲ್ ಮ್ಯಾಪ್ (ಆಕಾರ ಬದಲಿಸದೆ ಬೆಳಕಿನಿಂದಲೇ ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಚಿತ್ರ) ಬದಲಿಸಿದರೆ ತಗ್ಗು ಬಿದ್ದಂತೆಯೂ ಕಾಣುತ್ತದೆ. ಆದರೆ ಪಕ್ಕದಿಂದ ನೋಡಿದರೆ ಕವಚದ ಅಂಚು ನಯವಾಗಿಯೇ ಇರುತ್ತದೆ, ಗುಟ್ಟು ಬಯಲಾಗುವುದೇ ಅಲ್ಲಿ.

2006ರ ಆಬ್ಲಿವಿಯನ್ ಎಂಬ ಫ್ಯಾಂಟಸಿ ಗೇಮ್‌ನಲ್ಲಿ ಕವಚ ಸವೆಯುತ್ತಿತ್ತು, ಸುತ್ತಿಗೆ ಹಿಡಿದು ಸರಿಮಾಡಬೇಕಿತ್ತು. ಅದೇ ಸರಣಿಯ ಮುಂದಿನ ಗೇಮ್, 2011ರ ಸ್ಕೈರಿಮ್‌ನಲ್ಲಿ ಆ ಸವೆತವನ್ನೇ ಕೈಬಿಟ್ಟರು. 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಫ್ಯಾಂಟಸಿ ಅಲ್ಲ, ಇತಿಹಾಸದ ಕಥೆ. ಆದರೂ ಹೇಳಲೇಬೇಕು: ಮೈಮೇಲೆ ಕೊಳೆ, ರಕ್ತ ಕಾಣುತ್ತದೆ, ಹಾಗೇ ಹೋದರೆ ಜನ ಮಾತಾಡಿಸುವ ರೀತಿಯೂ ಬದಲಾಗುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ. ಕಂಡ ಕಲೆಗೆ ಆಟದಲ್ಲೂ ಬೆಲೆ ಇರಬೇಕು, ಅಲ್ವಾ?