ಸಸ್ಯಾಹಾರಿ ತಂಗಿ ಜೊತೆ ಪುಣೆಯಲ್ಲಿ ರಾಮೆನ್: ಮೊದಲು ಸಾರಿನ ಬಗ್ಗೆ ಕೇಳಿ
ಫರ್ಗ್ಯುಸನ್ ಕಾಲೇಜು ರಸ್ತೆ ಹತ್ತಿರದ ಪುಟ್ಟ ರಾಮೆನ್ (ಬಿಸಿ ಸಾರಿನಲ್ಲಿ ಕೊಡುವ ಜಪಾನಿ ನೂಡಲ್ಸ್) ಅಂಗಡಿಗೆ ಶನಿವಾರ ಸಸ್ಯಾಹಾರಿ ತಂಗಿಯನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಿ, ಆದರೆ ಸಾರಿನ ಬಗ್ಗೆ ಮೊದಲೇ ವಿಚಾರಿಸಿ. ಮೇಲೆ ಅಣಬೆ, ತೋಫು ಇದ್ದ ಮಾತ್ರಕ್ಕೆ ಬಟ್ಟಲು ಸಸ್ಯಾಹಾರ ಆಗುವುದಿಲ್ಲ. ತೊಂಕೊತ್ಸು ಅಂದರೆ ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಸಾರು, ಅದನ್ನು ಹೇಗೂ ಬಿಡುತ್ತೀರಿ. ಜನ ಜಾಸ್ತಿ ತಪ್ಪುವುದು ಮಿಸೊ ರಾಮೆನ್‌ನಲ್ಲಿ. ಮಿಸೊ ಅಂದರೆ ಹುದುಗಿಸಿದ ಸೋಯಾ ಪೇಸ್ಟ್, ಅದು ಸಸ್ಯಾಹಾರವೇ, ಆದರೆ ಅದನ್ನು ಕದಡುವ ಸಾರು ಕೋಳಿಯದ್ದೋ ಒಣಮೀನಿನದ್ದೋ ಇರಬಹುದು. ಸುಮ್ನೆ 'ವೆಜ್ ಇದೆಯಾ' ಅನ್ನಬೇಡಿ, 'ಸಾರು ಯಾವುದರಿಂದ ಮಾಡಿದ್ದು' ಅಂತಲೇ ಕೇಳಿ. ಕೊಂಬು ಅನ್ನುವ ಸಮುದ್ರದ ಪಾಚಿ ಮತ್ತು ಒಣ ಶಿಟಾಕೆ ಅಣಬೆ ಮಾತ್ರ ಅಂದರೆ ನಿಶ್ಚಿಂತೆ. ಮೊಟ್ಟೆ ಬೇಡವಾದರೆ ಅದನ್ನೂ ಹೇಳಿ.

ಪುಣೆ ಕಾಲೇಜು ಹುಡುಗರು ತುಂಬಿರುವ ಊರು, ಅಲ್ವಾ? ಜನ ಸೇರುವ ಮೊದಲು, ಸಂಜೆ ಏಳಕ್ಕೆ ಮುಂಚೆ ಹೋಗುವುದು ಒಳ್ಳೆಯದು.

ಬಟ್ಟಲು ಬಂದ ತಕ್ಷಣ ತಿನ್ನಿ. ನಮ್ಮ ಅಕ್ಕ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ನೂಡಲ್ಸ್ ಸಾರು ಕುಡಿದು ಊದಿತ್ತು, ಚಾಪ್‌ಸ್ಟಿಕ್ ಕಡ್ಡಿ ತಾಗಿಸಿದರೆ ತುಂಡಾಗುತ್ತಿತ್ತು. ಸೊರ್ ಅಂತ ಹೀರಲು ಸಂಕೋಚ ಬೇಡ, ಜಪಾನಿನಲ್ಲಿ ಹಾಗೇ ತಿನ್ನುತ್ತಾರೆ. ಹೊರಗೆ ಜನ ನಿಂತಿದ್ದರೆ ತಿಂದಾದ ಮೇಲೆ ಹರಟೆಗೆ ಕೂರಬೇಡಿ. ಮಾತಿಗೆ ಪಕ್ಕದಲ್ಲೇ ಎಲ್ಲಾದರೂ ಚಹಾ ಸಿಗುತ್ತದೆ.